ಯಾರು ಬ್ಯಾಡ ಅಂದ್ರು?

ನಾವು ಐದು ಮಂದಿ. ಕೂಡ್ಲಿಗಿ ಕಡೆಯವನೊಬ್ಬ, ಕೊಟ್ಟೂರು ಕಡೆಯವನೊಬ್ಬ, ಹಗರಿಬೊಮ್ಮನಹಳ್ಳಿಯವನೊಬ್ಬ, ಹಡಗಲಿಯವನೊಬ್ಬ, ಹರಪನಹಳ್ಳಿಯವಳೊಬ್ಬಳು. ಐದು ತಾಲೂಕು, ಐದು ಕೇರಿ. ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಅನ್ನೋ ಕಾಗದವನ್ನು ಮೊದಲು ಕಂಡವರು ನಾವೇ. ನಮ್ಮಪ್ಪಂದಿರು ಹೆಬ್ಬೆಟ್ಟು ಒತ್ತಿದವರು. ನಮ್ಮವ್ವಂದಿರನ್ನು ಹೆಬ್ಬೆಟ್ಟು ಒತ್ತಲಿಕ್ಕೂ ಯಾರೂ ಕರೆದವರಲ್ಲ.

ಬಳ್ಳಾರಿಯಲ್ಲಿ ಓದುವಾಗ ಹಾಸ್ಟೆಲ್ಲಿನ ಒಂದು ಟ್ರಂಕಿನೊಳಗೆ ಮೂವರ ಬಟ್ಟೆ ಇರುತ್ತಿದ್ದವು. ಒಂದು ಪುಸ್ತಕಕ್ಕೆ ಐವರು ಓದುಗರು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆ ಹಂಚಿಕೊಂಡು ಓದಿ, ಬೆಳಗಾಗುವುದರೊಳಗೆ ಮತ್ತೆ ಹೊಲಿದದ್ದುಂಟು. ಹರಪನಹಳ್ಳಿಯವಳ ಪಾಲಿನ ಹಾಳೆಗಳು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟಿನ ಸಂದಿಯಿಂದ ಒಳಗೆ ಹೋಗುತ್ತಿದ್ದವು. ಇಂಥ ನಾವು ಸಿನಿಮಾ ನೋಡೋ ಖಾತೆಯೊಂದನ್ನು ಹಂಚಿಕೊಂಡೆವು ಅಂದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಖಾತೆ ಯಾಕೆ ಬೇಕಾಯ್ತು ಅಂತ ಕೇಳಬಹುದು. ಹೇಳ್ತೀವಿ. 2021ರ ನವೆಂಬರ್ 2ರಂದು 'ಜೈ ಭೀಮ್' ಅನ್ನೋ ತಮಿಳು ಸಿನಿಮಾ ಬಂತು. ಪೊಲೀಸರು ಬಡವನೊಬ್ಬನ ಮೇಲೆ ಸುಳ್ಳು ಕಳ್ಳತನ ಹೊರಿಸಿ, ಠಾಣೆಯೊಳಗೇ ಹೊಡೆದು ಕೊಂದು, ಅವನ ಹೆಂಡತಿ ಕೋರ್ಟಿನ ಮೆಟ್ಟಿಲು ಹತ್ತಿದ ಕಥೆ. 1993ರಲ್ಲಿ ತಮಿಳುನಾಡಿನಲ್ಲಿ ನಿಜವಾಗಿ ನಡೆದದ್ದರ ಮೇಲೆ ಮಾಡಿದ್ದು. ಆ ಹೆಣ್ಣುಮಗಳ ಪರ ನಿಂತ ವಕೀಲರು ಕೆ. ಚಂದ್ರು, ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದವರು. ಈ ಸಿನಿಮಾ ಟಾಕೀಸಿಗೆ ಬರಲಿಲ್ಲ. ನೇರ ಅಮೆಜಾನ್ ಪ್ರೈಮ್‌ಗೆ ಬಂತು, ಕನ್ನಡದ ಮಾತೂ ಹಾಕಿಕೊಂಡು ಬಂತು. ಅಂದರೆ ಖಾತೆ ಇದ್ದವರಿಗೆ ಮಾತ್ರ ಬಂತು. ನಮ್ಮಂಥವರ ಕಥೆ ನಮ್ಮ ಕೇರಿಗೆ ಬರಬೇಕಾದರೂ ಯಾರದಾದರೂ ಒಂದು ಖಾತೆ ಬೇಕು ಅನ್ನೋದು ನಮಗೆ ಅವತ್ತು ತಿಳಿಯಿತು.

2022ರ ಏಪ್ರಿಲ್ 14. ಬಾಬಾಸಾಹೇಬರ ಜಯಂತಿ. ಕೂಡ್ಲಿಗಿಯವನು ತನ್ನ ಮೊದಲ ಸಂಬಳದಲ್ಲಿ ಒಂದು ಹಳೆ ಟಿವಿ ತಂದಿದ್ದ. ಅದನ್ನು ಕೇರಿಯ ಕಟ್ಟೆಯ ಮೇಲಿಟ್ಟು, ಗೆಳೆಯನೊಬ್ಬನ ಖಾತೆ ಹಾಕಿ, ಫೋನಿನ ಹಾಟ್‌ಸ್ಪಾಟಿನಿಂದ ಆ ಸಿನಿಮಾ ತೋರಿಸಿದೆವು. ಮೂವತ್ತು ಮಂದಿ ಕೂತಿದ್ದರು. ಠಾಣೆಯ ಹೊಡೆತ ಶುರುವಾದಾಗ ನಮ್ಮ ಗೆಳೆಯನ ದೊಡ್ಡಪ್ಪ, ಅಂದರೆ ನಮ್ಮೆಲ್ಲರ ದೊಡ್ಡಪ್ಪ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಬಹಳ ವರ್ಷದ ಹಿಂದೆ ಯಾರದೋ ಹೊಲದ ಪಂಪ್‌ಸೆಟ್ಟು ಕಳುವಾದಾಗ ದೊಡ್ಡಪ್ಪನನ್ನು ಮೂರು ದಿನ ಒಯ್ದಿದ್ದರು. ಆ ಮೂರು ದಿನದ ಮಾತನ್ನು ಅವನು ಯಾರ ಹತ್ತಿರವೂ ಆಡಿದ್ದಿಲ್ಲ.

ಮರುದಿನ ಬೆಳಿಗ್ಗೆ ಚಾ ಕುಡಿಯುತ್ತಾ ಕೇಳಿದ: "ಆಮ್ಯಾಲ ಏನಾತಲೇ?"

"ಒಬ್ಬ ವಕೀಲ ಬಂದ ದೊಡ್ಡಪ್ಪ. ಕೇಸು ಗೆದ್ದ."

"ಹಂಗಾರ ಅದು ಸಿನಿಮಾನ ಬಿಡು."

"ಇಲ್ಲ ದೊಡ್ಡಪ್ಪ, ಖರೇನ ಆಗಿದ್ದು. ಪೊಲೀಸರಿಗೆ ಶಿಕ್ಷೆನೂ ಆತು."

ಬಹಳ ಹೊತ್ತು ಸುಮ್ಮನಿದ್ದ. ಕಪ್ಪು ಕೆಳಗಿಟ್ಟು ಹೇಳಿದ: "ಇವತ್ತು ರಾತ್ರಿ ಇನ್ನೊಂದ್ಸಲ ಹಾಕ್ರಿ. ನಾನು ಎದ್ದು ಹೋದ್ನಲ್ಲ, ಅಲ್ಲಿಂದ ಹಾಕ್ರಿ."

ಹಾಕಿದೆವು. ಅವನು ಕೊನೆತನಕ ಕೂತ. ಏನೂ ಹೇಳಲಿಲ್ಲ. ಆದರೆ ಆ ಮಳೆಗಾಲದಲ್ಲಿ ತನ್ನ ಮೂರು ದಿನದ ಕಥೆಯನ್ನು ಮೊದಲ ಸಲ ಮೊಮ್ಮಕ್ಕಳ ಎದುರು ಹೇಳಿದ.

ಅವತ್ತಿನಿಂದ ನಮಗೆ ಹುಚ್ಚು ಹಿಡಿಯಿತು. ಐವರೂ ಕೂಡಿ ಇನ್ನೊಂದು ಕಂಪನಿಯ ಖಾತೆ ತಗೊಂಡೆವು. ತಿಂಗಳ ದುಡ್ಡು ಐದು ಪಾಲು. ಬೆಂಗಳೂರಿನ ಗೋಡೌನಿನಲ್ಲಿ ರಾತ್ರಿ ಪಾಳಿ ಮಾಡೋ ಹಗರಿಬೊಮ್ಮನಹಳ್ಳಿಯವನ ಹೆಸರಿನಲ್ಲಿ ಖಾತೆ, ಅವನ ಬ್ಯಾಂಕಿನಿಂದ ಕಟ್ಟಣೆ. ಯಾರು ಊರಿಗೆ ಹೋದರೂ ಅವರ ಕೇರಿಯಲ್ಲಿ ಒಂದು ರಾತ್ರಿ ಸಿನಿಮಾ. ಕೊಟ್ಟೂರು ತೇರಿನ ಮರುದಿನ ಕೊಟ್ಟೂರು ಕಡೆ, ಮೈಲಾರದ ಜಾತ್ರೆ ಮುಗಿಸಿಕೊಂಡು ಹಡಗಲಿ ಕಡೆ. ನಮ್ಮ ಟೂರಿಂಗ್ ಟಾಕೀಸು ಅಂತ ನಾವೇ ಹೆಸರಿಟ್ಟುಕೊಂಡಿದ್ದೆವು. ಈ ಬರಹದ ತಕರಾರು ಈ ಎರಡನೆಯ ಖಾತೆಯದು. ಆ ಕಂಪನಿಯ ಹೆಸರು ಬರೆಯೋದಿಲ್ಲ. ಒಂದನ್ನು ಬೈದರೆ ಉಳಿದವು ಒಳ್ಳೆಯವು ಅಂದಂಗಾಗ್ತದೆ.

2023 ಬರದ ವರ್ಷ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಸಾರಿತ್ತು. ನಮ್ಮ ಕೇರಿಗಳು ಗುಳೆ ಹೋಗಿದ್ದವು. ದೀಪಾವಳಿಗೆ ಅರ್ಧ ಮಂದಿ ತಿರುಗಿ ಬಂದಿದ್ದರು. ಹಡಗಲಿಯವನ ಮನೆ ಮುಂದೆ ಟಿವಿ ಇಟ್ಟೆವು. ಹುಡುಗರು ಮುಂದೆ ಕೂತವು, ಹೆಂಗಸರು ಗೋಡೆಗೆ ಒರಗಿದರು. ಪರದೆಯ ಮೇಲೆ ಸಿನಿಮಾ ಬರಲಿಲ್ಲ, ಒಂದು ಸಾಲು ಬಂತು. ಈ ಟಿವಿ ಈ ಖಾತೆಯ ಮನೆಗೆ ಸೇರಿದ್ದಲ್ಲ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಪ್ರಯಾಣದಲ್ಲಿದ್ದರೆ ಖಾತೆದಾರನ ಫೋನಿಗೆ ಒಂದು ನಂಬರು ಕಳಿಸ್ತೀವಿ, ಕೆಲವೇ ನಿಮಿಷದೊಳಗೆ ಅದನ್ನು ಒತ್ತಿರಿ ಅಂತ ಅದರ ಕೆಳಗೆ.

ಖಾತೆದಾರ ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿದ್ದ. ಒಳಗೆ ಹೋಗುವಾಗ ಕೆಲಸಗಾರರ ಫೋನುಗಳನ್ನು ಗೇಟಿನಲ್ಲೇ ಇಸಕೊಂಡು ಇಡ್ತಾರೆ. ನಂಬರು ಆ ಪೆಟ್ಟಿಗೆಯೊಳಗೆ ಬಂದು, ಆ ಪೆಟ್ಟಿಗೆಯೊಳಗೇ ಸತ್ತಿತು. ಮತ್ತೊಮ್ಮೆ ಕಳಿಸಿದೆವು, ಮತ್ತೊಮ್ಮೆ ಸತ್ತಿತು. ಹುಡುಗರು ಕೂತಲ್ಲೇ ನಿದ್ದೆ ಹೋದವು. ಆಗ ಗೋಡೆಗೆ ಒರಗಿದ್ದ ಮುದುಕಿಯೊಬ್ಬಳು ಕೇಳಿದಳು:

"ಯಾರು ಬ್ಯಾಡ ಅಂದ್ರು?"

ನಮಗೆ ಉತ್ತರ ಗೊತ್ತಾಗಲಿಲ್ಲ. ಆ ಮುದುಕಿ ಬಾವಿಯಲ್ಲಿ ಬ್ಯಾಡ ಅನ್ನಿಸಿಕೊಂಡವಳು, ಗುಡಿಯಲ್ಲಿ ಬ್ಯಾಡ ಅನ್ನಿಸಿಕೊಂಡವಳು, ಹೋಟೆಲಿನ ಬೆಂಚಿನ ಮೇಲೆ ಬ್ಯಾಡ ಅನ್ನಿಸಿಕೊಂಡವಳು. ಪ್ರತಿ ಸಲವೂ ಬ್ಯಾಡ ಅಂದವನಿಗೆ ಒಂದು ಮುಖ ಇತ್ತು, ಒಂದು ಮನೆತನದ ಹೆಸರಿತ್ತು. ಇವತ್ತು ಯಾರೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ.

ಹಾಗಂತ ಇದು ಆಕಾಶದಿಂದ ಬಿದ್ದದ್ದಲ್ಲ. ಮನುಷ್ಯರೇ ಕೂತು ಲೆಕ್ಕ ಹಾಕಿ ಮಾಡಿದ ತೀರ್ಮಾನ. ದಾರಿ ತೋರಿಸಿದ್ದು ನೆಟ್‌ಫ್ಲಿಕ್ಸ್. 2017ರ ಮಾರ್ಚಿನಲ್ಲಿ ಇದೇ ಕಂಪನಿ, ಪಾಸ್‌ವರ್ಡ್ ಹಂಚಿಕೊಳ್ಳೋದೇ ಪ್ರೀತಿ ಅನ್ನೋ ಧಾಟಿಯಲ್ಲಿ ಟ್ವಿಟರ್‌ನಲ್ಲಿ ಬರೆದಿತ್ತು. ಊರೆಲ್ಲಾ ರುಚಿ ಹತ್ತಬೇಕಾಗಿದ್ದ ಕಾಲ ಅದು. 2022ರ ಮೊದಲ ಆರು ತಿಂಗಳಲ್ಲಿ ಚಂದಾದಾರರು ಕಡಿಮೆಯಾದರು. ಆಗ ಪ್ರೀತಿಯ ಲೆಕ್ಕ ತೆಗೆದರು: ದುಡ್ಡು ಕೊಡುವ ಮನೆಗಳು 22 ಕೋಟಿ, ಅವರ ಖಾತೆಯಲ್ಲಿ ನೋಡುವ ಬೇರೆ ಮನೆಗಳು 10 ಕೋಟಿಗೂ ಹೆಚ್ಚು. ಅದೇ ವರ್ಷ ಚಿಲಿ, ಪೆರು, ಕೋಸ್ಟರಿಕಾಗಳಲ್ಲಿ ಪರೀಕ್ಷೆ ಮಾಡಿದರು. 2023ರ ಮೇ ತಿಂಗಳಲ್ಲಿ ಅಮೆರಿಕ ಸೇರಿ ನೂರಕ್ಕೂ ಹೆಚ್ಚು ದೇಶಗಳಿಗೆ ಕಟ್ಟಳೆ ಹಾಕಿದರು. ಜುಲೈ 20ಕ್ಕೆ ನಮ್ಮ ದೇಶಕ್ಕೆ ಬಂತು. ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಕೆನಡಾದಲ್ಲಿ ಅದೇ ಹೆಜ್ಜೆ ಇಟ್ಟಿತು. ಲಾಭವೂ ಬಂತು. ನೆಟ್‌ಫ್ಲಿಕ್ಸ್‌ಗೆ 2023ರ ಕೊನೆಯ ಮೂರು ತಿಂಗಳಲ್ಲೇ 1 ಕೋಟಿ 31 ಲಕ್ಷ ಹೊಸ ಚಂದಾದಾರರು.

ಅಮೆರಿಕದಲ್ಲಿ ತಿಂಗಳಿಗೆ 7.99 ಡಾಲರ್ ಹೆಚ್ಚಿಗೆ ಕೊಟ್ಟರೆ ಹೊರಗಿನವರೊಬ್ಬರನ್ನು ಸೇರಿಸಿಕೊಳ್ಳಲು 2023ರಲ್ಲಿ ದಾರಿ ಇಟ್ಟರು. ನಮ್ಮ ದೇಶಕ್ಕೆ ಆ ಕಿಂಡಿಯನ್ನೂ ಇಡಲಿಲ್ಲ. ನಿಮಗೆ ಬೆಲೆ ಮೊದಲೇ ಇಳಿಸಿದ್ದೀವಲ್ಲ ಅಂದರು. ಇಳಿಸಿದ್ದು ನಿಜ. 2021ರ ಡಿಸೆಂಬರಿನಲ್ಲಿ ತಿಂಗಳ ಮೇಲ್ದರ್ಜೆಯ ಚಂದಾ 799ರಿಂದ 649ಕ್ಕೆ ಇಳಿಯಿತು. ನಮ್ಮ ಲೆಕ್ಕವೂ ಕೇಳಿರಿ. 2023-24ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 316 ರೂಪಾಯಿ. ಎರಡು ದಿನ ಕೆರೆಯ ಹೂಳು ಎತ್ತಿದರೂ ಇನ್ನೂ 17 ರೂಪಾಯಿ ಸಾಲ ಉಳೀತದೆ.

ಆ ಮೇಲ್ದರ್ಜೆಯಲ್ಲಿ ಒಂದೇ ಹೊತ್ತಿಗೆ ನಾಲ್ಕು ಪರದೆಯಲ್ಲಿ ನೋಡಬಹುದು ಅಂತಾರೆ. ಆದರೆ ನೋಡುವವರೆಲ್ಲ ಒಂದೇ ಮನೆಯವರಾಗಿರಬೇಕು. ಗೆಳೆಯರೇ, ನಾಲ್ಕು ಪರದೆ ಒಂದೇ ಸೂರಿನಡಿ ಉರಿಯೋ ಮನೆ ಯಾರದು? ಅಪ್ಪನಿಗೊಂದು ಕೋಣೆ, ಮಗನಿಗೊಂದು ಕೋಣೆ ಇರೋ ಮನೆ. ನಮ್ಮದು ಜನತಾ ಮನೆ, ಒಂದು ಕೋಣೆ, ಒಂದು ಬಲ್ಬು. ನಮ್ಮ ನಾಲ್ಕು ಜನ ನಾಲ್ಕು ಕಡೆ ಇರ್ತಾರೆ. ಅಪ್ಪ ಕಾಫಿ ಸೀಮೆಯಲ್ಲಿ, ಅಣ್ಣ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ, ತಂಗಿ ಹಾಸ್ಟೆಲ್ಲಿನಲ್ಲಿ, ಅವ್ವ ಊರಲ್ಲಿ ಎರಡು ಆಡು ಕಟ್ಟಿಕೊಂಡು. ಒಬ್ಬರ ಜ್ವರಕ್ಕೆ ನಾಲ್ವರ ದುಡ್ಡು ಬರ್ತದೆ. ಒಬ್ಬರ ಮದುವೆಗೆ ನಾಲ್ವರೂ ಸಾಲ ಮಾಡ್ತಾರೆ. ಇದು ಒಂದು ಮನೆಯಲ್ಲದೆ ಇನ್ನೇನು? ಹೊಟ್ಟೆ ಒಡೆದ ಮನೆಯನ್ನು ಕಂಪನಿ ಎರಡನೆಯ ಸಲ ಒಡೆಯಿತು.

ಕಂಪನಿಗಳ ಪಾಲಿಗೆ ಮನೆ ಅಂದರೆ ಗೋಡೆಯಲ್ಲ, ಒಲೆಯಲ್ಲ. ಇಂಟರ್ನೆಟ್ಟಿನ ವಿಳಾಸ, ಟಿವಿ-ಫೋನುಗಳ ಗುರುತಿನ ನಂಬರು, ಯಾವ ವಿಳಾಸದಿಂದ ಯಾವಾಗ ನೋಡಿದರು ಅನ್ನೋ ದಾಖಲೆ, ಇಷ್ಟು ಸೇರಿಸಿ ಮನೆ ಯಾವುದು ಅಂತ ಗೊತ್ತುಮಾಡ್ತಾರೆ. ತಂತಿ ಎಳೆಸಿಕೊಂಡು ವೈಫೈ ಪೆಟ್ಟಿಗೆ ಗೋಡೆಗೆ ಹೊಡೆದವನಿಗೆ ಮನೆ ಐತಿ. ಇವತ್ತು ಅಣ್ಣನ ಫೋನಿನಿಂದ, ನಾಳೆ ಅತ್ತಿಗೆಯ ಫೋನಿನಿಂದ ಹಾಟ್‌ಸ್ಪಾಟ್ ಹಾಕಿಕೊಳ್ಳೋ ಕೇರಿಗೆ ಆ ಲೆಕ್ಕದಲ್ಲಿ ಮನೆಯೇ ಇಲ್ಲ.

ಇದಕ್ಕಿಂತ ರೇಷನ್ ಕಾರ್ಡು ವಾಸಿ ಅನ್ನಬೇಕಾಗಿದೆ. ನಮ್ಮನ್ನು ಯಾವತ್ತೂ ನಂಬದ ಸರ್ಕಾರ ಕೂಡ, ಗುಳೆ ಹೋದವರು ಹೋದಲ್ಲೇ ಅಕ್ಕಿ ತಗೋಬಹುದು, ಉಳಿದವರು ಅದೇ ಕಾರ್ಡಿನ ಮೇಲೆ ಊರಲ್ಲಿ ತಗೋಬಹುದು ಅಂತ ಒಪ್ಪಿಕೊಂಡಿದೆ. 'ಒಂದು ದೇಶ ಒಂದು ರೇಷನ್ ಕಾರ್ಡ್' ಅನ್ನೋ ಯೋಜನೆಯ ತಿರುಳೇ ಅದು. ಒಂದು ಮನೆ ಎರಡು ಊರಲ್ಲಿ ಇರಬಹುದು ಅನ್ನೋದು ಅಕ್ಕಿಯ ಅಂಗಡಿಗೆ ತಿಳಿದಿದೆ. ಸಿನಿಮಾದ ಅಂಗಡಿಗೆ ತಿಳಿದಿಲ್ಲ.

ಕೂಡಿ ನೋಡೋದು ನಮಗೆ ಹೊಸ ಕಸುಬಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಸರ್ಕಾರ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿ. ನಮ್ಮ ನೆರೆಯ ರಾಯಚೂರು, ಆಚೆಯ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಊರಿಗೊಂದು ಟಿವಿ, ಊರೇ ಮನೆ. ನಮ್ಮ ಕೇರಿಗಳಲ್ಲಿ ಆಮೇಲೆ ವೀಡಿಯೋ ಕಾಲ ಬಂತು. ಮನೆಗೆ ಇಷ್ಟು ಅಂತ ಪಟ್ಟಿ ಎತ್ತಿ, ಟಿವಿ ಮತ್ತು ವಿಸಿಪಿ ಬಾಡಿಗೆಗೆ ತಂದು, ಬೆಳಗಾಗೋತನಕ ಮೂರು ಸಿನಿಮಾ ನೋಡ್ತಿದ್ದರಂತೆ. ಇಲ್ಲದವರ ಪಾಲನ್ನು ಇದ್ದವರು ಹಾಕ್ತಿದ್ದರಂತೆ. ಇವತ್ತಿಗೂ ಮೈಲಾರದಲ್ಲಿ ಗೊರವಪ್ಪ ಬಿಲ್ಲು ಏರಿದಾಗ ಲಕ್ಷ ಮಂದಿ ಒಟ್ಟಿಗೆ ಉಸಿರು ಹಿಡೀತಾರೆ, ಒಂದೇ ಮಾತಿಗೆ ಕಿವಿ ಕೊಡ್ತಾರೆ. ಆ ಮಾತನ್ನು ತಲೆಗೊಂದರಂತೆ ಯಾರೂ ಮಾರೋದಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಾವು ಕರಾರು ಮುರಿದವರು. ಖಾತೆ ತಗೊಳ್ಳುವಾಗ ಓದದೆ ಒತ್ತಿದ ಕಾಗದದಲ್ಲಿ, ಮನೆಯ ಹೊರಗಿನವರಿಗೆ ಕೊಡಬಾರದು ಅಂತ ಬರೆದಿತ್ತು. ಮೂವತ್ತು ಮಂದಿಗೆ ಕಟ್ಟೆಯ ಮೇಲೆ ತೋರಿಸೋದಂತೂ ಅದರಲ್ಲಿ ಇಲ್ಲವೇ ಇಲ್ಲ. ಓದದೆ ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಬಗ್ಗೆ ಪದ್ಯ ಬರೆದವರು ನಾವು, ಅದನ್ನೇ ಮಾಡಿದೆವು. ಇನ್ನೊಂದು ಮಾತು. ಸಿನಿಮಾ ಅಂದರೆ ಸಾವಿರ ಕೈಗಳ ದುಡಿಮೆ. ಲೈಟು ಹೊತ್ತವನು, ಅಡಿಗೆ ಮಾಡಿದವನು, ಬಟ್ಟೆ ಹೊಲಿದವನು. ನಮ್ಮ ಹಿರಿಯರು ತಲೆತಲಾಂತರ ಬಿಟ್ಟಿ ಚಾಕರಿ ಮಾಡಿದವರು. ಇನ್ನೊಬ್ಬರ ದುಡಿಮೆಯನ್ನು ಬಿಟ್ಟಿ ಉಣ್ಣುವ ಆಸೆ ನಮಗೆ ಇರಬಾರದು. ಇಲ್ಲ.

ನಾವು ದುಡ್ಡು ಕೊಟ್ಟಿದ್ದೆವು. ಐವರೂ ಕೊಟ್ಟಿದ್ದೆವು. ಹೆಚ್ಚು ಕೇಳಿದ್ದರೆ ಪಟ್ಟಿ ಎತ್ತಿ ಇನ್ನಷ್ಟು ಕೊಡುತ್ತಿದ್ದೆವು. ನಮಗೆ ಹೊಂದುವ ಬೆಲೆಗೆ ಸಿಕ್ಕಿದ್ದು 149 ರೂಪಾಯಿಯ ಮೊಬೈಲ್ ಚಂದಾ. ಅದು ಫೋನು ಇಲ್ಲವೇ ಟ್ಯಾಬ್ಲೆಟ್ಟಿನಲ್ಲಿ ಮಾತ್ರ, ಒಂದು ಹೊತ್ತಿಗೆ ಒಂದರಲ್ಲಿ ಮಾತ್ರ. ಟಿವಿಯಲ್ಲಿ ಹಾಕೋ ಹಾಗಿಲ್ಲ. ಬಡವರಿಗೂ ಎಟುಕಲಿ ಅಂತ ಮಾಡಿದ್ದು ಅಂತಾರೆ. ಆದರೆ ಬಡವ ಒಬ್ಬನೇ ನೋಡಬೇಕು, ಅಂಗೈಯಗಲದಲ್ಲಿ ನೋಡಬೇಕು. ಅಂದು ರಾತ್ರಿ ಕಟ್ಟೆಯ ಮೇಲೆ ಕೂಡಿ ನೋಡಿದ್ದರಿಂದ ತಾನೆ ದೊಡ್ಡಪ್ಪ ಎದ್ದು ಹೋದದ್ದು ನಮಗೆಲ್ಲ ಕಂಡದ್ದು? ಒಬ್ಬನೇ ಅಂಗೈಯೊಳಗೆ ನೋಡಿದ್ದರೆ ಫೋನು ಆರಿಸಿ ಮಲಗುತ್ತಿದ್ದ. ಆ ಮೂರು ದಿನ ಅವನ ಜೊತೆಗೇ ಮಣ್ಣಿಗೆ ಹೋಗುತ್ತಿದ್ದವು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದಾಗ, ಎದುರಿನವರು ಕೋರ್ಟಿಗೆ ಹೋಗಿ ಹೇಳಿದ್ದು ಅದು ಖಾಸಗಿ ಕೆರೆ ಅಂತ. ಬಾಂಬೆ ಹೈಕೋರ್ಟು ಆ ವಾದವನ್ನು ತಳ್ಳಿಹಾಕಲು 1937 ಬರಬೇಕಾಯ್ತು. ಸಿನಿಮಾ ನೀರಲ್ಲ, ನಮಗೂ ಗೊತ್ತು. ಅದಿಲ್ಲದೆ ಯಾರೂ ಸಾಯೋದಿಲ್ಲ. ಆದರೆ ಖಾಸಗಿ ಅನ್ನೋ ಮಾತು ಕೇಳಿದ ಕೂಡಲೇ ಎರಡು ಸಲ ಯೋಚನೆ ಮಾಡೋದನ್ನು ಆ ಕೆರೆ ನಮಗೆ ಕಲಿಸಿದೆ.

ಇಷ್ಟೆಲ್ಲ ಆವೇಶದಿಂದ ನಾವು ಮಾತಾಡ್ತಿದ್ದಾಗ ಹರಪನಹಳ್ಳಿಯವಳು ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ಒಂದು ಮಾತು ಕೇಳಿದಳು: "ಖಾತೆಯೊಳಗ ಐದು ಹೆಸರು ಅದಾವಲ್ಲ, ಅದರಾಗ ನಿಮ್ಮವ್ವಂದಿರು ಎಲ್ಲಿ ಅದಾರಲೇ?"

ಇರಲಿಲ್ಲ. ಐದು ಹೆಸರು, ಐದು ಚಿತ್ರ, ಎಲ್ಲಾ ಡಿಗ್ರಿಯವರವು. ಅವ್ವ ನೋಡಿದ್ದೆಲ್ಲ ಮಗನ ಹೆಸರಿನ ಕೆಳಗೆ ನೋಡಿದ್ದು. ಏನು ಹಾಕಬೇಕು ಅಂತ ಅವಳನ್ನು ನಾವು ಒಂದು ಸಲವೂ ಕೇಳಿರಲಿಲ್ಲ. ಮನೆ ಅಂದರೆ ಯಾರು ಅಂತ ಗೆರೆ ಎಳೆದದ್ದು ಕಂಪನಿ ಒಂದೇ ಅಲ್ಲ. ಕಂಪನಿ ನಮ್ಮನ್ನು ಹೊರಗಿಟ್ಟ ಜುಲೈ ತಿಂಗಳಲ್ಲೇ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿಯ ನೋಂದಣಿ ಶುರುವಾಯ್ತು. ಮನೆಯ ಯಜಮಾನಿ ಅಂತ ಅವ್ವನ ಹೆಸರು ದಾಖಲೆಗೆ ಏರಿತು. ತಿಂಗಳಿಗೆ ಎರಡು ಸಾವಿರ ಅವಳ ಖಾತೆಗೆ ಅಂತ ಆಯ್ತು. ಸರ್ಕಾರದ ಕಾಗದ ಅವಳನ್ನು ಯಜಮಾನಿ ಅಂದಾಗ, ಬಂಡಾಯದ ಪದ್ಯ ಬರೆಯೋ ಮಕ್ಕಳ ಪಟ್ಟಿಯಲ್ಲಿ ಅವಳು ಇರಲೇ ಇಲ್ಲ.

ಹಡಗಲಿಯವನು ಈ ಮಾತನ್ನು ನಾಚಿಕೆಯಿಂದ ಅವ್ವನಿಗೆ ಹೇಳಿದ. ಅವಳು ಎಲೆಯಡಿಕೆ ಹಾಕಿಕೊಳ್ಳುತ್ತಾ ಅಂದಳು: "ನನ್ನ ಎರಡು ಸಾವಿರದಾಗ ತಗೋ. ನನ್ನ ಹೆಸರಿಲೇ ಮಾಡ್ಸು. ಯಾರು ಬ್ಯಾಡ ಅಂತಾರ ನೋಡ್ತೀನಿ."

ಮಾಡಿಸಿದೆವು. ಈಗ ಆ ಖಾತೆಗೆ ಅವ್ವನ ಹೆಸರು. ಅದರ ಮನೆ ಹಡಗಲಿ ತಾಲೂಕಿನ ಆ ಒಂದು ಕೋಣೆಯ ಮನೆ. ಮೊದಲ ರಾತ್ರಿ ಏನು ಹಾಕಬೇಕು ಅಂತ ಕೇಳಿದರೆ, ನಗೋ ಸಿನಿಮಾ ಹಾಕು, ಅಳೋದು ಬ್ಯಾಡ ಅಂದಳಂತೆ. ಅವಳ ಲೆಕ್ಕದಲ್ಲಿ ನಾವು ಉಳಿದ ನಾಲ್ವರೂ ಅವಳ ಮಕ್ಕಳೇ. ಕಂಪನಿಯ ಲೆಕ್ಕದಲ್ಲಿ ನಾಲ್ವರೂ ಹೊರಗಿನವರು.

ಆದ್ದರಿಂದ ತಕರಾರು ಮುಗಿದಿಲ್ಲ. ಊರೂರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೆಸರಿಟ್ಟಿದ್ದಾರೆ. ಹಾಸ್ಟೆಲ್ಲುಗಳಿವೆ, ಅಂಬೇಡ್ಕರ್ ಭವನಗಳಿವೆ. ಅಲ್ಲಿ ಒಂದು ಪುಸ್ತಕವನ್ನು ನೂರು ಮಂದಿ ಓದಬಹುದು, ಯಾರೂ ಕಳ್ಳರು ಅನ್ನೋದಿಲ್ಲ. ಒಂದು ಸಿನಿಮಾವನ್ನು ನೂರು ಮಂದಿ ಕೂಡಿ ನೋಡಲಿಕ್ಕೂ ನ್ಯಾಯದ ಒಂದು ಬೆಲೆ ಗೊತ್ತುಮಾಡಲಿ, ನಾವು ಕೊಡ್ತೀವಿ. ಸರ್ಕಾರ ಅದನ್ನು ಕಂಪನಿಗಳ ಮುಂದೆ ಕೇಳಲಿ. ಕೇಳುವಂತೆ ನಾವು ಸರ್ಕಾರದ ಮುಂದೆ ಕೂಡಬೇಕು. ಕೇರಿ ಅನ್ನೋದೂ ಒಂದು ಮನೆ ಅಂತ ಬರೆಸಬೇಕು.

ಐದು ಕೇರಿಯಲ್ಲಿ ಒಂದಕ್ಕೆ ಬಾಗಿಲು ತೆರೆದಿದೆ. ನಾಲ್ಕು ಹಾಗೇ ಅವೆ. ಕೂಡ್ಲಿಗಿಯ ದೊಡ್ಡಪ್ಪ ಫೋನು ಮಾಡಿದಾಗೆಲ್ಲ ಮಳೆ ಕೇಳ್ತಾನೆ, ಕೆಲಸ ಕೇಳ್ತಾನೆ, ಕೊನೆಗೆ ಕೇಳ್ತಾನೆ:

"ಮತ್ತ ಯಾವಾಗ ಹಾಕ್ತೀರಲೇ?"